ಹನ್ನೊಂದು ಕುಂಕುಮದ ಬೊಟ್ಟು

ಶಿರಾಳಕೊಪ್ಪದಲ್ಲಿ ಗಂಗಾಧರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಈಗ ಯಾರೂ ಬೀದಿಯ ಹೆಸರು ಹೇಳುವುದಿಲ್ಲ. 'ವಿಮಾನದ ಮನೆನಾ? ಸಂತೆ ಮೈದಾನ ದಾಟಿ ಎಡಕ್ಕೆ ಹೋಗ್ರಿ' ಎನ್ನುತ್ತಾರೆ. ಹೇಳುವಾಗ ಒಂದು ನಗು ಇರುತ್ತದೆ. ನಾಲ್ಕು ವರ್ಷದ ಹಿಂದೆ ಆ ನಗು ಬೇರೆ ಥರದ್ದಿತ್ತು.

ಗಂಗಾಧರಪ್ಪ ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ತಾಲ್ಲೂಕಿನ ಅರ್ಧ ಟ್ರ್ಯಾಕ್ಟರುಗಳ ಕೆಮ್ಮು ನೆಗಡಿ ಅವನಿಗೆ ಗೊತ್ತು. ಅಂಥವನು ಐವತ್ತು ದಾಟಿದ ಮೇಲೆ ಎಲ್ಲೆಲ್ಲೋ ಅಲೆದು ವಿಮಾನ ಹಾರಿಸುವುದನ್ನು ಕಲಿತು ಬಂದ. ಕಲಿತವನು ಸುಮ್ಮನಿರಬೇಕಲ್ಲ? ಪರದೇಶದಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿದ. ಇಬ್ಬರು ಕೂರುವ ಪುಟ್ಟ ವಿಮಾನ. ಸಾಮಾನೆಲ್ಲ ಅವರು ಕೊಡುತ್ತಾರೆ, ಜೋಡಿಸುವ ಕರ್ಮ ನಮ್ಮದು. ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ಎದುರು ಮನೆಯ ಜೋಳದ ವ್ಯಾಪಾರಿ ಆನಂದಪ್ಪ, 'ಏನ್ರೀ ಅಕ್ಕಾರೆ, ಹೊಸ ಬೀರುನಾ?' ಎಂದು ಕೇಳಿದ. ಗಂಗಾಧರಪ್ಪನ ಹೆಂಡತಿ ರಾಜೇಶ್ವರಮ್ಮ ಏನು ಹೇಳಬೇಕೋ ತೋಚದೆ 'ಹೂಂ' ಎಂದುಬಿಟ್ಟಳು.

ವಿಮಾನದ ಮೈ ಹಿತ್ತಲಿನ ಶೆಡ್ಡಿನಲ್ಲಿ ಬೆಳೆಯಿತು. ರೆಕ್ಕೆಗಳಿಗೆ ಅಲ್ಲಿ ಜಾಗ ಸಾಲದೆ ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದರು. ಮಗಳ ನಿಶ್ಚಿತಾರ್ಥಕ್ಕೆ ಬಂದ ಬೀಗರು ತಲೆಯ ಮೇಲಿನ ರೆಕ್ಕೆಯನ್ನು ನೋಡಿಕೊಂಡೇ ಹೋಳಿಗೆ ತಿಂದರು. ಸಂಬಂಧ ಮುರಿಯಲಿಲ್ಲ, ಅದು ಅವರ ದೊಡ್ಡತನ.

ವಿಮಾನದ ತಗಡುಗಳನ್ನು ಕೂಡಿಸುವುದು ಮೊಳೆಯಂಥ ರಿವೆಟ್‌ಗಳು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಹೊರಗಿನಿಂದ ಗಾಳಿಯ ಗನ್ ಹಿಡಿದು ರಿವೆಟ್‌ನ ತಲೆಗೆ ಹೊಡೆಯಬೇಕು, ಇನ್ನೊಬ್ಬರು ಒಳಗಿನಿಂದ ಅದರ ತುದಿಗೆ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು. ಆಗ ತುದಿ ಚಪ್ಪಟೆಯಾಗಿ ಗುಂಡಗೆ ಕೂರುತ್ತದೆ. ಗಟ್ಟಿ ಒಂದು ಚೂರು ವಾಲಿದರೂ ತುದಿ ಸೊಟ್ಟಗಾಗುತ್ತದೆ, ಅದನ್ನು ಕೊರೆದು ತೆಗೆದು ಹೊಸದು ಹಾಕಬೇಕು. ಹಾಗೇ ಬಿಟ್ಟರೆ ಹಾರುವಾಗ ಜೋಡಣೆ ಸಡಿಲವಾಗಬಹುದು. ಬಾಲದ ಕಡೆ ವಿಮಾನದ ಮೈ ಕಿರಿದಾಗುತ್ತ ಹೋಗುತ್ತದೆ. ಅದರೊಳಗೆ ಗಂಗಾಧರಪ್ಪನ ಹೊಟ್ಟೆ ಹಿಡಿಸಲಿಲ್ಲ, ಗ್ಯಾರೇಜಿನ ಮೆಕ್ಯಾನಿಕ್ಕುಗಳ ಭುಜ ಹಿಡಿಸಲಿಲ್ಲ. ನುಸುಳಿದವಳು ಕಡ್ಡಿಯಂತಿದ್ದ ರಾಜೇಶ್ವರಮ್ಮ ಒಬ್ಬಳೇ.

ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡರು. ಅವಳು ಒಳಗಿನಿಂದ ಗಟ್ಟಿಯಲ್ಲಿ ಎರಡು ಸಲ ತಟ್ಟಿದರೆ 'ಸರಿಯಾಗಿದೆ', ಒಂದೇ ಸಲ ತಟ್ಟಿದರೆ 'ಇನ್ನೊಮ್ಮೆ'. ಮೂವತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಚಕಾರವೆತ್ತದೆ ಅವಳ ಮಾತು ಕೇಳಿದ್ದು ಅದೊಂದೇ ಜಾಗದಲ್ಲಿ.

ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ಮಧ್ಯಾಹ್ನ, ಬಾಲದ ಬುಡದಲ್ಲಿ ಒಂದು ರಿವೆಟ್ ಮೂರು ಸಲ ಸೊಟ್ಟಗಾಯಿತು. ಮೂರು ಸಲ ಕೊರೆದು ತೆಗೆದ ಗಂಗಾಧರಪ್ಪ ಕೂಗಾಡಿದ: 'ತೂತು ಇನ್ನೊಂದು ಚೂರು ದೊಡ್ಡದಾದ್ರೆ ಮುಗೀತು ಕಥೆ! ಇಡೀ ತಗಡು ಪರದೇಶದಿಂದ ತರಿಸ್ಬೇಕು. ಆರು ತಿಂಗಳು!' ಬೆಳಿಗ್ಗೆಯಿಂದ ಅವನು ಉಂಡಿರಲಿಲ್ಲ, ಕಣ್ಣು ಕೆಂಪಗಾಗಿತ್ತು. ನಾಲ್ಕನೆಯದು ಹೊಡೆದರು. ಒಳಗಿದ್ದವಳು ಟಾರ್ಚ್ ಬಿಟ್ಟು ನೋಡಿದರೆ ಅದೂ ಸೊಟ್ಟ. ರಾಜೇಶ್ವರಮ್ಮನಿಗೆ ಪಾಪ ಅನ್ನಿಸಿತು. ಎರಡು ಸಲ ತಟ್ಟಿಬಿಟ್ಟಳು.

ಜಾಗ ಮರೆಯಬಾರದಲ್ಲ? ಬೆರಳು ಒದ್ದೆ ಮಾಡಿ, ತನ್ನ ಹಣೆಯ ಕುಂಕುಮವನ್ನೇ ತೆಗೆದು ರಿವೆಟ್‌ನ ಪಕ್ಕ ಬೊಟ್ಟಿಟ್ಟಳು. ಸಮಯ ನೋಡಿ ಹೇಳಿದರಾಯಿತು ಎಂದುಕೊಂಡಳು.

ಸಮಯ ಬರಲಿಲ್ಲ, ಬೊಟ್ಟುಗಳು ಹೆಚ್ಚಿದವು. ಅವನ ಸೊಂಟ ಹಿಡಿದಿದ್ದ ದಿನ ಒಂದು, ಜ್ವರದಲ್ಲೂ ಕೆಲಸಕ್ಕೆ ನಿಂತ ದಿನ ಎರಡು, ಹೀಗೆ ಸಾವಿರಗಟ್ಟಲೆ ರಿವೆಟ್‌ಗಳ ನಡುವೆ ಹನ್ನೊಂದು. ಬರಿಹಣೆಯಲ್ಲಿ ತೆವಳಿ ಹೊರಬಂದವಳನ್ನು ನೋಡಿ ಅವನು, 'ಕುಂಕುಮ ಎಲ್ಲಿ ಉದುರಿಸಿ ಬಂದ್ಯೇ?' ಎಂದು ಛೇಡಿಸುತ್ತಿದ್ದ. ಒಮ್ಮೆ ಕನ್ನಡಿ ತೂರಿಸಿ ಒಳಗೆ ನೋಡಿದಾಗ ಕೆಂಪು ಬೊಟ್ಟುಗಳು ಕಂಡವು. ಹಿಗ್ಗಿಹೋದ. 'ನಮ್ಮನೆಯಾಕೆ ಒಳಗೆಲ್ಲ ಪೂಜೆ ಮಾಡ್ಯಾಳೆ ನೋಡ್ರಿ' ಎಂದು ಬಂದವರಿಗೆಲ್ಲ ತೋರಿಸಿದ. ತಪಾಸಣೆಗೆ ಬಂದ ಅಧಿಕಾರಿಗಳೂ ಕುಂಕುಮ ಕಂಡು ಕೈಮುಗಿದರೇ ವಿನಾ ಅದರ ಪಕ್ಕ ಏನಿದೆ ಎಂದು ನೋಡಲಿಲ್ಲ. ಇಷ್ಟಾದ ಮೇಲೆ ಹೇಳುವುದು ಹೇಗೆ?

ಅವಳು ತನ್ನ ಮನಸ್ಸಿಗೆ ಒಂದು ಸಮಾಧಾನ ಮಾಡಿಕೊಂಡಳು. ಸೀಟು ಎರಡಿವೆ. ಇನ್ನೊಂದರಲ್ಲಿ ನಾನು ಕೂರುತ್ತೇನೆ. ಆಗುವುದಾದರೆ ಇಬ್ಬರಿಗೂ ಆಗಲಿ. ಹೊರಗಿನವರಿಗೆ ಇದು ಹುಚ್ಚು ಎನ್ನಿಸಬಹುದು, ಅವಳಿಗೆ ನ್ಯಾಯವಾಗಿಯೇ ಕಂಡಿತು. ನಿದ್ದೆಯೂ ಬರತೊಡಗಿತು.

ಮೇ ತಿಂಗಳ ಕೊನೆಯ ಶನಿವಾರ. ಸೋಮವಾರ ಲಾರಿ ಬಂದು ವಿಮಾನವನ್ನು ಹಾರಾಟದ ಮೈದಾನಕ್ಕೆ ಒಯ್ಯುವುದಿತ್ತು. ಮಳೆ ಹಿಡಿಯುವ ಮೊದಲು ಒಂದು ವಾರದ ಅವಕಾಶ. ಗಂಗಾಧರಪ್ಪ ಅವಲಕ್ಕಿ ತಿನ್ನುತ್ತಿದ್ದಾಗ ರಾಜೇಶ್ವರಮ್ಮ ಕೇಳಿದಳು: 'ಸೀರೆ ನಡೀತದಾ, ಇಲ್ಲ ಚೂಡಿದಾರ್ ಹಾಕ್ಕಬೇಕಾ? ಒಂದು ಹೊಲಿಯೋಕೆ ಕೊಟ್ಟೀನಿ.'

'ನೀನೆಲ್ಲಿಗೆ? ಹೊಸ ವಿಮಾನನ ಮೊದಲು ಒಬ್ಬನೇ ಹಾರಿಸ್ಬೇಕು. ಇಪ್ಪತ್ತೈದು ತಾಸು ಹಾರಿಸಿದ ಮ್ಯಾಲೆ ಇನ್ನೊಬ್ರನ್ನ ಕೂರಿಸ್ಕಬೋದು.'

'ನೀವೊಬ್ರೇ?'

'ಒಬ್ನೇ.'

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. 'ಹಂಗಾದ್ರೆ ಹೋಗಬ್ಯಾಡ್ರಿ.'

'ಈಗ ಹೆದರಿಕೆ ಶುರುವಾಯ್ತಾ?' ಅವನು ನಕ್ಕ.

'ಹೆದರಿಕೆ ಅಲ್ರೀ. ಆ ಕುಂಕುಮ ಪೂಜೆದಲ್ಲ.'

ಎಲ್ಲವನ್ನೂ ಹೇಳಿದಳು. ಅವನು ಪ್ಲೇಟು ಕೆಳಗಿಟ್ಟು ಶೆಡ್ಡಿಗೆ ಹೋದ. ಬಾಲದ ಮುಚ್ಚಳ ಬಿಚ್ಚಿ, ಕನ್ನಡಿ ಟಾರ್ಚ್ ಹಿಡಿದು ಹನ್ನೊಂದನ್ನೂ ಒಂದೊಂದಾಗಿ ನೋಡಿದ. ಅವಳು ಬಾಗಿಲಲ್ಲಿ ಸೆರಗು ತಿರುಚುತ್ತ ನಿಂತಿದ್ದಳು. ಬೈಗುಳ ಬರುತ್ತದೆ ಎಂದು ಕಾದವಳಿಗೆ ಬಂದದ್ದು ಒಂದು ಪ್ರಶ್ನೆ.

'ಇದು ಗೊತ್ತಿದ್ದೂ ಚೂಡಿದಾರ್ ಹೊಲಿಯೋಕೆ ಕೊಟ್ಯಾ?'

'ಇಬ್ರೂ ಇರ್ತೀವಲ್ಲ ಅಂತ.'

ಅವನು ನಲ್ಲಿಯ ಹತ್ತಿರ ಹೋಗಿ, ಕೊಳೆಯೇ ಇಲ್ಲದ ಕೈಯನ್ನು ಬಹಳ ಹೊತ್ತು ತೊಳೆದ. ಆಮೇಲೆ ಲಾರಿಯವನಿಗೆ ಫೋನ್ ಮಾಡಿದ: 'ಸೋಮವಾರ ಬ್ಯಾಡಪ್ಪ. ದೀಪಾವಳಿ ಕಳೀಲಿ.'

ಅಲ್ಲಿಂದ ಮುಂದೆ ಅವನು ಮಾತು ಬಿಟ್ಟ. 'ಊಟಕ್ಕೆ ಬರ್ರಿ' ಎಂದರೆ ಬರುವನು, ಉಂಡು ಏಳುವನು. ನಾಲ್ಕು ವರ್ಷ ತಾನು ತಟ್ಟಿದ್ದನ್ನೆಲ್ಲ ನಂಬಿದವನು ಇನ್ನು ಯಾವುದನ್ನೂ ನಂಬುವುದಿಲ್ಲವೇನೋ ಎಂಬ ಸಂಕಟ ಅವಳದು.

ಹದಿನೈದು ದಿನಕ್ಕೆ ಪಾರ್ಸಲ್ ಬಂತು. ಅಂಗೈಯಗಲದ ಪೊಟ್ಟಣ. ರಾಜೇಶ್ವರಮ್ಮ ಅದನ್ನು ತಿರುಗಿಸಿ ನೋಡಿದಳು. 'ತಗಡು ಎಲ್ಲಿ?'

'ತಗಡು ಯಾಕೆ? ಒಂದು ಸೈಜು ದೊಡ್ಡ ರಿವೆಟ್ ಹಾಕಿದ್ರೆ ಆಯ್ತು. ಪುಸ್ತಕದಾಗೇ ಐತೆ.'

'ಅವತ್ತು ಇಡೀ ತಗಡು ತರಿಸ್ಬೇಕು ಅಂದ್ರಲ್ಲ?'

'ಅದು... ಸಿಟ್ಟಿಗೆ ಅಂದಿದ್ದು.'

'ಎರಡು ವರ್ಷ ಸೆರಗಿನಾಗೆ ಕೆಂಡ ಕಟ್ಕೊಂಡು ತಿರುಗಿದ್ದು ನಿಮ್ಮ ಸಿಟ್ಟಿನ ಮಾತಿಗಾ!' ಅವಳ ದನಿ ಎದುರು ಮನೆಗೆ ಕೇಳಿತು. ಆನಂದಪ್ಪ ಕಿಟಕಿಗೆ ಬಂದು ಇಣುಕಿ, ಮೆಲ್ಲಗೆ ಹಿಂದೆ ಸರಿದ. ಗಂಗಾಧರಪ್ಪ ತಲೆತಗ್ಗಿಸಿ ಶೆಡ್ಡಿಗೆ ನಡೆದ.

ಅವಳೂ ಹೋದಳು. ಮೊಣಕಾಲು ಈಗ ಮೊದಲಿನಂತಿರಲಿಲ್ಲ. ಬಾಲದೊಳಗೆ ತೆವಳಿದರೆ ಅಲ್ಲಿ ಮಡಿಸಿ ಹಾಸಿದ ಕೌದಿ ಇತ್ತು. ಅವನೇ ಹಾಸಿರಬೇಕು. ಕಂಪ್ರೆಸರ್ ಶುರುವಾಯಿತು. ಮೊದಲನೆಯದು ಸರಿಯಾಗಿ ಕೂತಿತು, ಎರಡು ಸಲ ತಟ್ಟಿದಳು. ಮೂರನೆಯದು ಸೊಟ್ಟ, ಒಂದು ಸಲ ತಟ್ಟಿದಳು. ಅವನು ಕೊರೆದು ತೆಗೆದು ಹೊಸದು ಹೊಡೆದ. ಅದೂ ಸೊಟ್ಟ. ಮತ್ತೆ ಒಂದು. ಹೊರಗೆ ಗೊಣಗಾಟವಿಲ್ಲ, ತೆಗೆದು ಮತ್ತೆ ಹೊಡೆದ. ಕೂತ ಒಂದೊಂದಕ್ಕೂ ಪಕ್ಕದ ಬೊಟ್ಟನ್ನು ಸೆರಗಿನ ತುದಿಯಿಂದ ಒರೆಸುತ್ತ ಹೋದಳು. ಸಂಜೆಯ ಹೊತ್ತಿಗೆ ಹನ್ನೊಂದೂ ಮುಗಿದವು. ಕಂಪ್ರೆಸರ್ ನಿಂತಿತು.

ಹೊರಬರಲು ಹೊರಳಿದಾಗ ಅವಳ ತಲೆಯ ಪಕ್ಕದ ತಗಡಿನ ಮೇಲೆ ಸದ್ದಾಯಿತು. ಬೆರಳ ಗೆಣ್ಣಿನಿಂದ, ಮೆಲ್ಲಗೆ, ಎರಡು ಸಲ.

ಹೊರಗಿನವನು ತಟ್ಟುವ ಕಟ್ಟಳೆ ಅವರಲ್ಲಿ ಇರಲೇ ಇಲ್ಲ. ರಾಜೇಶ್ವರಮ್ಮನಿಗೆ ಅರ್ಥವಾಯಿತು, ಕಣ್ಣು ತುಂಬಿತು. ಕೌದಿಯ ಮೇಲೆ ಹಾಗೇ ಮಲಗಿದಳು. ಆಮೇಲೆ ಉಕ್ಕಿನ ಗಟ್ಟಿ ಕೈಗೆತ್ತಿಕೊಂಡು ಒಂದೇ ಒಂದು ಸಲ ತಟ್ಟಿದಳು.

ಹೊರಗೆ ಹದಿನೈದು ದಿನದ ಮೇಲೆ ಅವನು ನಕ್ಕದ್ದು ಕೇಳಿಸಿತು. ಅವನು ಇನ್ನೊಮ್ಮೆ ತಟ್ಟಿದ, ಎರಡು ಸಲ.