ಅಂಜಿಕೆ ಹೊತ್ತವರು

ಸೇಪೋ ದಾರಿಯ ಕಡೆಯಿಂದ ಬರಲಿಲ್ಲ. ಹಂದಿಗೂಡಿನ ಪಕ್ಕದ ಕೆಸರು ತುಳಿದುಕೊಂಡು, ಜೀಗುಜ್ಜೆ ಮರದ ಹಿಂದಿನಿಂದ ಬಂದಳು. ಅಡುಗೆ ಚಪ್ಪರದ ಕೆಳಗೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಮಲೋಸಾ ಒಮ್ಮೆ ಕತ್ತೆತ್ತಿ ನೋಡಿ ಮತ್ತೆ ಗೆಡ್ಡೆಗೆ ಕೈ ಹಾಕಿದಳು. ಗಂಡ ಸತ್ತದ್ದಕ್ಕೆ ಸೇಪೋ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಿದ್ದಳು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

"ನಿನ್ನ ತಮ್ಮ ಒಳಗಿದ್ದಾನಾ?" ಎಂದಳು ಸೇಪೋ.

"ಇದ್ದಾನೆ. ಅವನ ಮುಖಕ್ಕೆ ಉಗಿಯೋಕೆ ಬಂದಿದ್ರೆ ಹೋಗಿ ಉಗಿ. ನಿನ್ನ ಮೈದುನ ಬೆಳಿಗ್ಗೇನೇ ಬಂದು ಉಗಿದು ಹೋದ."

"ನಿನ್ನ ಹತ್ರ ಮಾತಾಡ್ಬೇಕಿತ್ತು."

"ನನ್ನ ಹಂದಿ ನಿನ್ನ ಬೇಲಿ ಮುರಿದಾಗಿಂದ ಮಾತಾಡದೇ ಇದ್ದೋಳು ಈಗ ಮಾತಾಡ್ತೀಯಾ?"

ಸೇಪೋ ಒಲೆಯ ಆಚೆ ಕುಕ್ಕರುಗಾಲಲ್ಲಿ ಕೂತಳು. "ನಾಳೆ ಪಕೋವಜ್ಜ ದೇವರ ಕಲ್ಲಿನ ಮುಂದೆ ಕೇಳ್ತಾನೆ. ನೀನು ಏನು ಹೇಳ್ತೀಯ?"

ಮಲೋಸಾಳ ಕೈ ನಿಂತಿತು.

ಆ ದ್ವೀಪದಲ್ಲಿ ಧೈರ್ಯ ಯಾರ ಸ್ವಂತದ್ದೂ ಅಲ್ಲ, ಉಲಾಕೆ ದೇವರು ಕೊಟ್ಟದ್ದು. ಅದನ್ನೂ ಅವನು ಕೈಬಿಚ್ಚಿ ಕೊಡುವವನಲ್ಲ. ಮನೆಗೆ ಒಂದೇ ಪಾಲು. ದೋಣಿ ಹತ್ತಿ ಹವಳದ ದಿಬ್ಬದ ಕಂಡಿ ದಾಟುವವನು ಆ ಪಾಲನ್ನು ಪೂರ್ತಿ ತೆಗೆದುಕೊಂಡು ಹೋಗುತ್ತಾನೆ. ಅವನ ಅಂಜಿಕೆಯನ್ನು ಮನೆಯಲ್ಲಿ ಉಳಿದವರೊಬ್ಬರು ಹೊರಬೇಕು. ದೋಣಿ ಮರಳಿ ಬರುವವರೆಗೆ ಅವರು ದಡದ ಮರಳಿನ ಮೇಲೆ ಕೂತಿರಬೇಕು. ನೀರಿಗೆ ಕಾಲಿಡಬಾರದು, ಮರ ಹತ್ತಬಾರದು, ನಾಯಿಯನ್ನು ಸಹ ಗದರಬಾರದು. ಅಂಜಿಕೆ ಹೊತ್ತವರು ಒಂದು ಗಟ್ಟಿ ಕೆಲಸ ಮಾಡಿದರೆ ಸಮುದ್ರದಲ್ಲಿರುವವನ ಪಾಲಿನಿಂದ ಅಷ್ಟು ಕಡಿಮೆಯಾಗುತ್ತದೆ.

ತಾಯಿ ಸತ್ತ ಮೇಲೆ ತಮ್ಮ ತೆವಾಯಿಯನ್ನು ಬೆಳೆಸಿದವಳು ಮಲೋಸಾಳೇ. ಅವನು ಮೊದಲ ಸಲ ಹುಟ್ಟು ಹಿಡಿದ ದಿನದಿಂದ ಅವನ ಅಂಜಿಕೆ ಹೊತ್ತವಳೂ ಅವಳೇ. ಊರಿನವರಿಗೆ ಅದೊಂದು ತಮಾಷೆ. ಮಲೋಸಾ ಬಾಯಿ ತೆರೆದರೆ ಕಡಲಕಾಗೆಗಳು ಹಾರಿಹೋಗುತ್ತವೆ. ಅವಳ ಹತ್ತಿರ ಏನಾದರೂ ಕೇಳಬೇಕಿದ್ದರೆ ತೆವಾಯಿ ಸಮುದ್ರಕ್ಕೆ ಹೋದ ದಿನ ಕೇಳಿ ಎನ್ನುತ್ತಿದ್ದರು. ಆ ದಿನ ಅವಳು ಬಯ್ಯುವಂತಿರಲಿಲ್ಲ.

"ನೀನು ಹೇಳಿದ್ರೆ ನಾನು ಯಾಕೆ ನೀರಿಗಿಳಿದಿದ್ದೆ ಅಂತ ಬರುತ್ತೆ," ಎಂದಳು ಸೇಪೋ. "ಒಂದು ಏಡಿ ಆಸೆಗೆ ಗಂಡನ್ನ ತಿಂದ್ಲು ಅಂತಾರೆ. ನನ್ನ ಹೆಣ್ಣುಮಕ್ಕಳ ಮುಖಕ್ಕೂ ಅಂತಾರೆ."

"ನಿಜ ತಾನೆ?"

"ಅವನಿಗೇ ಅಂತ ಹೋಗಿದ್ದೆ ಕಣೆ. ಏಡಿ ಅಂದ್ರೆ ಪ್ರಾಣ ಅವನಿಗೆ. ಒಂದೇ ನಿಮಿಷ ಅಂದ್ಕೊಂಡೆ."

ಮಲೋಸಾಳ ಬಾಯಿಗೆ ಬಂದ ಮಾತು ಬಹಳ ಕೆಟ್ಟದಾಗಿತ್ತು. ಅದನ್ನು ನುಂಗಿಕೊಂಡಳು.

ತೆವಾಯಿ ಮತ್ತು ಸೇಪೋಳ ಗಂಡ ಯೋನೆ ಒಂದೇ ದೋಣಿಯವರು. ಒಂದು ದೋಣಿಯವರ ಅಂಜಿಕೆ ಹೊರುವವರು ಒಂದೇ ಜಾಗದಲ್ಲಿ ಕೂರಬೇಕು. ಹಾಗಾಗಿ ಇವರಿಬ್ಬರೂ ವರ್ಷಗಟ್ಟಲೆ, ಮಿಕ್ಕವರಿಂದ ದೂರ, ಬಂಡೆಯ ಮರೆಯ ಮರಳಿನಲ್ಲಿ ಬೆನ್ನಿಗೆ ಬೆನ್ನು ತಿರುಗಿಸಿ ಕೂತಿದ್ದರು. ಯೋನೆ ಸತ್ತ ದಿನ ಮಧ್ಯಾಹ್ನ ಮಲೋಸಾ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ಸೇಪೋ ಆಗಲೇ ಕಂಡಿಯ ಅಂಚಿನಲ್ಲಿ ಬಗ್ಗಿ ನಿಂತಿದ್ದಳು. ಆಮೇಲೆ ಒಂದು ಅಲೆ ಬಂತು. ಅದು ಇಳಿದಾಗ ಸೇಪೋ ಅಲ್ಲಿರಲಿಲ್ಲ, ಸೆಳೆತದಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು.

ಮಲೋಸಾ ಯೋಚಿಸಲಿಲ್ಲ. ಹೋಗಿ ಬಿದ್ದಳು, ಕೂದಲು ಹಿಡಿದು ಎಳೆದು ತಂದಳು. ಹವಳ ತಾಗಿ ಇಬ್ಬರ ಮೊಣಕಾಲೂ ತರಚಿಹೋಗಿದ್ದವು. ಅಷ್ಟೇ ಆಗಿದ್ದರೆ ಅವಳಿಗೆ ಈಗ ಇಷ್ಟು ಸಂಕಟವಿರುತ್ತಿರಲಿಲ್ಲ. ಮರಳಿನ ಮೇಲೆ ಸೇಪೋ ನೀರು ಕಾರುತ್ತಿದ್ದಾಗ ಮಲೋಸಾಳ ಎದೆಯಲ್ಲಿ ಒಂದು ಹಿಗ್ಗು ಎದ್ದಿತ್ತು. ಹುಟ್ಟಿದಾಗಿನಿಂದ ಕಾಣದ ಹಿಗ್ಗು. ಆ ಸೆಳೆತದಲ್ಲಿ ಇನ್ನೊಂದು ಸಲ ಬೀಳಬಲ್ಲೆ ಎನ್ನಿಸಿತ್ತು. ಸೇಪೋಳ ಕೆನ್ನೆಗೆ ಒಂದು ಬಾರಿಸಿ ಗಟ್ಟಿಯಾಗಿ ನಕ್ಕಿದ್ದಳು. ತಮ್ಮ ಹೊತ್ತೊಯ್ಯುವುದು ಇದನ್ನೇ, ಇದರ ರುಚಿ ಹೀಗಿರುತ್ತದೆ ಎಂದುಕೊಂಡಿದ್ದಳು. ಅವಳು ಹಾಗೆ ನಗುತ್ತಿರುವಾಗಲೇ, ಕಂಡಿಯಲ್ಲಿ ಆಗಲೇ ಅಡ್ಡ ತಿರುಗಿದ್ದ ದೋಣಿ ಮಗುಚಿತು.

"ನೀನು ನನ್ನನ್ನ ಬಿಟ್ಟುಬಿಡಬೇಕಿತ್ತು," ಎಂದಳು ಸೇಪೋ.

"ಹೌದು, ಬಿಡಬೇಕಿತ್ತು," ಎಂದಳು ಮಲೋಸಾ. "ಈಗ ಎದ್ದು ಹೋಗು."

ಸೇಪೋ ಹೋದ ಮೇಲೆ ಬೆಂದ ಗೆಡ್ಡೆಯನ್ನೂ ಹಡಗಿನವನಿಂದ ತಂದಿದ್ದ ಡಬ್ಬಿ ಮಾಂಸವನ್ನೂ ತಟ್ಟೆಗೆ ಹಾಕಿಕೊಂಡು ಮಲೋಸಾ ಒಳಗೆ ಹೋದಳು. ತೆವಾಯಿ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ. ಇವನಷ್ಟು ಚೆನ್ನಾಗಿ ಕಂಡಿಯಲ್ಲಿ ದೋಣಿ ತರುವವನು ದ್ವೀಪದಲ್ಲಿ ಇನ್ನೊಬ್ಬನಿರಲಿಲ್ಲ. ಮೋಟಾರು ದೋಣಿಯವರೂ ಕಂಡಿಯ ಬಾಯಿಗೆ ಬಂದಾಗ ಇವನನ್ನು ಕರೆಯುತ್ತಿದ್ದರು.

"ತಿನ್ನು."

"ಆಮೇಲೆ."

"ನಿನ್ನೆಯೂ ಆಮೇಲೆ ಅಂದೆ. ಹಂದಿಗೆ ಹಾಕಿದೆ. ಹಂದಿ ದಪ್ಪ ಆಗ್ತಾ ಇದೆ."

ತೆವಾಯಿ ನಗಲಿಲ್ಲ. ಅವಳು ತಟ್ಟೆ ಇಟ್ಟು ಅವನ ಬೆನ್ನ ಹಿಂದೆ ಕೂತಳು.

"ಅಲ್ಲಿ ಏನಾಯ್ತು ನಿಂಗೆ?"

"ಎಲ್ಲರೂ ಹೇಳ್ತಿದ್ದಾರಲ್ಲ."

ಹಿಂದಿನ ದೋಣಿಯಲ್ಲಿದ್ದವರು ಹೇಳಿದ್ದು ಇಷ್ಟು. ಕಂಡಿಯೊಳಗೆ ಬರುವಾಗ ಇಬ್ಬರಲ್ಲಿ ಒಬ್ಬ ಸಮುದ್ರದ ಕಡೆ ತಿರುಗಿ ಬರುವ ಅಲೆ ನೋಡುತ್ತಾನೆ, ಇನ್ನೊಬ್ಬ ದಡದ ಕಡೆ ನೋಡುತ್ತ ದೋಣಿ ನಡೆಸುತ್ತಾನೆ. ಅಲೆ ನೋಡುವವನು 'ಹಾಕು' ಎಂದ ಗಳಿಗೆಯಲ್ಲಿ ನಡೆಸುವವನು ಹುಟ್ಟು ಹಾಕಬೇಕು. ಯೋನೆ ಹಾಕು ಎಂದ. ತೆವಾಯಿ ಹಾಕಲಿಲ್ಲ. ಯೋನೆ ಮತ್ತೆ ಕಿರುಚಿದ. ತೆವಾಯಿಯ ಹುಟ್ಟು ನೀರಿನ ಮೇಲೆ ಹಾಗೇ ನಿಂತಿತ್ತು. ದೋಣಿ ಅಡ್ಡ ತಿರುಗಿತು.

"ಅವರು ಹೇಳೋದು ಬಿಡು. ನೀನು ಹೇಳು."

"ಕೈ ಏಳಲಿಲ್ಲ."

"ಯಾಕೆ?"

"ಏಳಲಿಲ್ಲ ಅಷ್ಟೆ, ಅಕ್ಕ."

ಈಗಲೇ ಹೇಳಿಬಿಡೋಣ ಎಂದು ಅವಳು ಬಾಯಿ ತೆರೆದಳು. ಅವನು ಇನ್ನೂ ಗೋಡೆಯ ಕಡೆಗೇ ನೋಡುತ್ತ, "ನಾಳೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಜಗಳ ತೆಗೀಬೇಡ," ಎಂದ. ನಾಳೆ ಎಲ್ಲರ ಮುಂದೆಯೇ ಹೇಳುತ್ತೇನೆ, ಒಂದೇ ಸಲ, ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಸೇಪೋಳ ಮಕ್ಕಳಿಗೆ ಬರುವುದು ಬರಲಿ. ಅವರಿಗೆ ತಾನು ಏನಾಗಬೇಕು?

ಉಲಾಕೆಗೆ ಮುಖವಿಲ್ಲ. ಮನುಷ್ಯನ ಎದೆಮಟ್ಟದ ಕರಿಯ ಕಲ್ಲು, ತೆಂಗಿನೆಣ್ಣೆ ಸವರಿ ಸವರಿ ಹೊಳೆಯುತ್ತದೆ. ಬೆಳಿಗ್ಗೆ ಊರೆಲ್ಲ ಅದರ ಮುಂದೆ ಸೇರಿತ್ತು. ಯೋನೆಯ ತಮ್ಮ ಲೆಹಾಲು ತೆವಾಯಿಯನ್ನು ಕಂಡವನೇ, "ಬಂದ ನೋಡಿ ಗಂಡಸು. ಯಾರಾದ್ರೂ ಒಂದು ಪೊರಕೆ ಕೊಡ್ರಪ್ಪ, ಹುಟ್ಟಿನ ಬದಲು ಹಿಡ್ಕೊಳ್ಳಲಿ," ಎಂದ. ಕೆಲವರು ನಕ್ಕರು. ಬೇರೆ ದಿನವಾಗಿದ್ದರೆ ಮಲೋಸಾ ಅವನ ಮೂರು ತಲೆಮಾರನ್ನು ಎಳೆದು ಬಿಸಿಲಿಗೆ ಹಾಕುತ್ತಿದ್ದಳು. ಈಗ ಕಾಲ ಬೆರಳಲ್ಲಿ ಮರಳು ಕೆದಕುತ್ತ ನಿಂತಳು.

ಪಕೋವಜ್ಜನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಒಂದು ಕೈಯನ್ನು ಕಲ್ಲಿನ ಮೇಲಿಟ್ಟು ಕೂತಿದ್ದ. ಪದ್ಧತಿ ಎಲ್ಲರಿಗೂ ಗೊತ್ತು. ಮೊದಲು ಅಂಜಿಕೆ ಹೊತ್ತವರನ್ನು ಕೇಳುವುದು. ತಪ್ಪು ಅವರದಾದರೆ ಸಮುದ್ರಕ್ಕೆ ಹೋದವನ ಮೇಲೆ ಮಾತಿಲ್ಲ. ಅವರದಲ್ಲದಿದ್ದರೆ ತಪ್ಪು ಅವನದು. ಅವನ ಹುಟ್ಟು ಕಿತ್ತುಕೊಳ್ಳುತ್ತಾರೆ, ಮತ್ತೆ ಬದುಕಿರುವವರೆಗೆ ಅವನು ಕಂಡಿ ದಾಟುವಂತಿಲ್ಲ.

"ಯೋನೆಯ ಅಂಜಿಕೆ ಹೊತ್ತವಳು ಯಾರು?"

"ನಾನು ಅಜ್ಜ," ಎಂದಳು ಸೇಪೋ.

"ಮರಳು ಬಿಟ್ಟು ಎದ್ದಿದ್ಯಾ, ಮಗಳೇ?"

"ಇಲ್ಲ."

ಮಲೋಸಾ ಅವಳನ್ನೇ ನೋಡಿದಳು. ಸೇಪೋಳ ಇಬ್ಬರು ಹೆಣ್ಣುಮಕ್ಕಳು ಅವಳ ಹಿಂದೆ ನಿಂತಿದ್ದರು. ಅವರ ಕೂದಲನ್ನೂ ಕತ್ತರಿಸಿದ್ದರು. ಚಿಕ್ಕದು ತಾಯಿಯ ಬಟ್ಟೆಯ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು.

"ತೆವಾಯಿಯ ಅಂಜಿಕೆ ಹೊತ್ತವಳು?"

"ನಾನು."

"ನಿನ್ನ ಧ್ವನಿ ಗೊತ್ತಮ್ಮ, ಇಡೀ ದ್ವೀಪಕ್ಕೇ ಗೊತ್ತು. ಮರಳು ಬಿಟ್ಟು ಎದ್ದಿದ್ಯಾ?"

ಹೂಂ ಎನ್ನಲು ಅವಳು ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ತೆವಾಯಿ ಮಾತಾಡಿದ.

"ಅವಳನ್ನ ಕೇಳ್ಬೇಡ ಅಜ್ಜ. ನನ್ನ ಪಾಲು ನನ್ನ ಹತ್ರಾನೇ ಇತ್ತು. ಪೂರ್ತಿ ಇತ್ತು. ಆದ್ರೂ ನಾನು ಹೆದರಿದೆ."

ಆ ಕಲ್ಲಿನ ಮುಂದೆ ನಿಂತು ನಾನು ಹೆದರಿದೆ ಎಂದು ಯಾವ ಗಂಡಸೂ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಗಾಳಿ ಎಂದವರಿದ್ದರು, ಸೆಳೆತ ಎಂದವರಿದ್ದರು, ಹೆಂಡತಿ ಮರ ಹತ್ತಿದ್ದಳು ಎಂದು ಆಣೆ ಇಟ್ಟವರೂ ಇದ್ದರು. ತೆವಾಯಿ ಇದನ್ನು ಊಟವಾಯಿತು ಎನ್ನುವ ಹಾಗೆ ಹೇಳಿದ್ದ.

"ನೀನು ಮಧ್ಯೆ ಬರಬೇಡ," ಎಂದ ಪಕೋವಜ್ಜ. "ನಾನು ಕೇಳಲೇಬೇಕು. ಮಲೋಸಾ, ಎದ್ದಿದ್ಯಾ?"

ತೆವಾಯಿ ಅವಳ ಕಡೆ ತಿರುಗಿದ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅವನ ಕಣ್ಣಲ್ಲಿ ಬೇಡಿಕೆ ಇತ್ತೋ ಆಜ್ಞೆ ಇತ್ತೋ ಅವಳಿಗೆ ತಿಳಿಯಲಿಲ್ಲ. ಮೊಣಕಾಲಿನ ಗಾಯ ಬಟ್ಟೆಯ ಒಳಗೆ ಚುರುಗುಟ್ಟಿತು. ಒಂದು ಮಾತು ಹೇಳಿದರೆ ತಮ್ಮನಿಗೆ ಸಮುದ್ರ ಉಳಿಯುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ, ಯಾಕೆ ಎದ್ದೆ ಎಂದು. ಅದರ ಹಿಂದೆ ಆ ನಗುವೂ ಬರುತ್ತದೆ. ಇಷ್ಟು ವರ್ಷ ಮರಳಿನ ಮೇಲೆ ಕೂತು ಅಂಜಿಕೆ ಎಂದುಕೊಂಡದ್ದು ಅಂಜಿಕೆಯೇ ಆಗಿರಲಿಲ್ಲ, ಅಂಜಿಕೆ ಎಂದರೆ ಇದು.

"ಇಲ್ಲ," ಎಂದಳು.

ಅಷ್ಟು ಮೆತ್ತಗೆ ಅವಳು ಜನ್ಮದಲ್ಲಿ ಮಾತಾಡಿರಲಿಲ್ಲ. ಹಿಂದೆ ನಿಂತವರಿಗೆ ಕೇಳಿಸದೆ, ಏನಂದ್ಲು, ಏನಂದ್ಲು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ತೆವಾಯಿ ತಾನೇ ಮುಂದೆ ಹೋಗಿ ಹುಟ್ಟನ್ನು ಕಲ್ಲಿಗೆ ಒರಗಿಸಿ ಇಟ್ಟು ಬಂದ. ಯಾರೂ ಕಿತ್ತುಕೊಳ್ಳಬೇಕಾಗಲಿಲ್ಲ.

ಮೀನಿನ ಗುಂಪು ಮತ್ತೆ ಬಂದದ್ದು ಗಾಳಿ ತಿರುಗಿದ ಮೇಲೆ. ದೋಣಿಗಳು ಹೊರಟವು. ಲೆಹಾಲುವಿನ ಹೆಂಡತಿ ಹಸಿ ಬಾಣಂತಿ, ಬಿಸಿಲಲ್ಲಿ ಕೂರುವ ಹಾಗಿರಲಿಲ್ಲ. ಅವನ ಅಂಜಿಕೆ ಹೊರಲು ಬೇರೆ ಯಾರೂ ಸಿಕ್ಕಲಿಲ್ಲ. ತೆವಾಯಿಯೇ ಹೋಗಿ, ನಾನು ಹೊರುತ್ತೇನೆ ಎಂದ. ಲೆಹಾಲು ಅವನನ್ನು ಮೇಲಿಂದ ಕೆಳಗೆ ನೋಡಿ, "ಸರಿ ಬಿಡು, ನಿಂಗೆ ಅಭ್ಯಾಸ ಆಗಿದೆ," ಎಂದು ದೋಣಿ ತಳ್ಳಿದ.

ಮಲೋಸಾ ಈಗ ಯಾರ ಅಂಜಿಕೆಯನ್ನೂ ಹೊರಬೇಕಾಗಿರಲಿಲ್ಲ. ಆದರೂ ಬಂದು ಬಂಡೆಯ ಮರೆಯಲ್ಲಿ ತಮ್ಮನ ಪಕ್ಕ ಕೂತಳು. ಅವನಿಗೆ ಕೂರಲು ಬರುತ್ತಿರಲಿಲ್ಲ. ಒಂದು ಕಾಲು ಮಡಿಸುತ್ತಿದ್ದ, ಒಂದು ಚಾಚುತ್ತಿದ್ದ. ದೋಣಿಗಳು ಕಂಡಿಯ ಹತ್ತಿರ ಹೋದಾಗ ಅವನ ಅಂಗೈಗಳು ತಾವಾಗಿಯೇ ಮುಚ್ಚಿಕೊಂಡವು.

"ಎರಡೂ ಕಾಲು ಒಂದೇ ಕಡೆ ಹಾಕ್ಕೋ," ಎಂದಳು ಅವಳು. "ಇಲ್ದಿದ್ರೆ ಸಂಜೆಗೆ ಸೊಂಟ ಹಿಡಿಯುತ್ತೆ."

ಅವನು ಹಾಗೆ ಕೂತ. ದೋಣಿಗಳು ಒಂದೊಂದಾಗಿ ಆಚೆ ದಾಟಿದವು. ಬಹಳ ಹೊತ್ತಾದ ಮೇಲೆ, ಕಂಡಿಯ ಕಡೆಗೇ ನೋಡುತ್ತ ಅವನು ಹೇಳಿದ:

"ಈಜೋವಾಗ ನೀನು ತಲೆ ನೀರಿಂದ ಮೇಲೆ ಎತ್ತಿರ್ತೀಯ ಅಕ್ಕ. ಹಾಗೆ ಈಜಿದ್ರೆ ಬೇಗ ಸುಸ್ತಾಗುತ್ತೆ."

ಮಲೋಸಾ ತಿರುಗಿ ಅವನ ಮುಖ ನೋಡಿದಳು. ದೋಣಿ ಮಗುಚಿದ ಆ ದಿನಕ್ಕೆ ಮೊದಲು ಅವಳು ನೀರಿಗೆ ಇಳಿದದ್ದನ್ನು ತಮ್ಮ ನೋಡಿರಲಿಲ್ಲ. ಅವನು ಹುಟ್ಟುವ ಮೊದಲೇ ಅವಳು ಈಜು ಬಿಟ್ಟಿದ್ದಳು.

"ಮುಳುಗಿಬಿಡ್ತೀಯ ಅಂದ್ಕೊಂಡೆ," ಎಂದ ಅವನು.

"ಯೋನೆ?" ಎಂದಳು ಅವಳು. "ಅವನೂ ನೋಡಿದ್ನಾ?"

"ಇಲ್ಲ. ಅವನು ಅಲೆ ನೋಡ್ತಿದ್ದ."

ಮರಳಿನ ಮೇಲೆ ಹೆಜ್ಜೆಯ ಸದ್ದಾಯಿತು. ಸೇಪೋ ಬಂದಿದ್ದಳು. ಅವಳಿಗೂ ಈಗ ಸಮುದ್ರದಲ್ಲಿ ಯಾರೂ ಇರಲಿಲ್ಲ. ಏನೂ ಮಾತಾಡದೆ ತೆವಾಯಿಯ ಇನ್ನೊಂದು ಪಕ್ಕದಲ್ಲಿ, ಸಮುದ್ರಕ್ಕೆ ಮುಖಮಾಡಿ ಕೂತಳು. ಉಬ್ಬರ ಏರುತ್ತಿತ್ತು. ನೊರೆ ಅವರ ಪಾದದ ಹತ್ತಿರ ಬಂದಾಗ ಮೂವರೂ ಕೈಯೂರಿ, ಏಳದೆಯೇ, ಸ್ವಲ್ಪ ಹಿಂದಕ್ಕೆ ಸರಿದು ಕೂತರು.