ಸಾಲಿನ ನಡುವಿನ ತಡೆ

ವಿದ್ಯಾರ್ಥಿಗಳ ಸಂಶೋಧನಾ ಗೋಷ್ಠಿಗೆ ನನ್ನನ್ನು ಕರೆದದ್ದು ತೀರಿಕೊಂಡ ಗಂಡನ ಲೆಕ್ಕದಲ್ಲಿ. ಅವರು ಆ ಕಾಲೇಜಿನಲ್ಲಿ ಪ್ರಾಚೀನ ಗ್ರೀಕ್ ಕಲಿಸುತ್ತಿದ್ದರು. ಮೊದಲ ಸಾಲಿನಲ್ಲಿ ಕೂರಿಸಿ, ನೀರಿನ ಬಾಟಲಿ ಕೊಟ್ಟು, ಆಮೇಲೆ ಎಲ್ಲರೂ ನನ್ನ ಮುಖ ನೋಡುವುದನ್ನು ಬಿಟ್ಟರು.

ಪಟಾಕಿ ವೇದಿಕೆ ಹತ್ತಿದಳು. ಅವರ ಶಿಷ್ಯೆ. ಬಾಯಿ ಮುಚ್ಚದ ಹುಡುಗಿಗೆ ಆ ಹೆಸರಿಟ್ಟವರೂ ಅವರೇ. ಗೋರಿಕಲ್ಲಿನ ಮೇಲಿನ ಗ್ರೀಕ್ ಪದ್ಯವೊಂದನ್ನು ಗಟ್ಟಿಯಾಗಿ ಓದಿದಳು. ಕಡಲಲ್ಲಿ ಮುಳುಗಿದವನಿಗಾಗಿ ಹೆಂಡತಿ ಅತ್ತ ಪದ್ಯ. ಎರಡನೆಯ ಸಾಲಿನ ಮಧ್ಯೆ ತಡೆದು, ಮುಂದುವರಿಸಿದಳು.

"ಛಂದಸ್ಸಿನ ಪ್ರಕಾರ ಇಲ್ಲಿ ನಿಲ್ಲಬಾರದು. ಆದರೆ ನಮ್ಮ ಸರ್ ನಿಲ್ಲುತ್ತಿದ್ದರು. ಈ ತಡೆ ಹೆಂಡತಿಯ ಬಿಕ್ಕು ಅಂತ ನನ್ನ ವಾದ."

ತರಗತಿಯಲ್ಲಿ ಅವರೆಂದೂ ಅಲ್ಲಿ ನಿಂತವರಲ್ಲ. ನಾನೂ ಅವರ ತರಗತಿಯಲ್ಲಿ ಕೂತವಳೇ. ನಿಲ್ಲತೊಡಗಿದ್ದು ಹಾಸಿಗೆ ಹಿಡಿದ ಮೇಲೆ, ಶ್ವಾಸಕೋಶ ಕೈಕೊಟ್ಟ ಮೇಲೆ. ಆಗ ಯಾರನ್ನೂ ಮನೆಗೆ ಬಿಡಬೇಡ ಎಂದವರು ಅವರೇ. ಹಗಲು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಇವಳು ಬಂದದ್ದು ಯಾವಾಗ?

ಗೋಷ್ಠಿ ಮುಗಿದ ಮೇಲೆ ಅವಳನ್ನು ಮೆಟ್ಟಿಲ ಬಳಿ ಹಿಡಿದೆ. "ಎಲ್ಲಿ ಕೇಳಿದೆ ಅದನ್ನ?"

"ಕ್ಲಾಸಲ್ಲೇ ಮೇಡಂ."

"ಸುಳ್ಳು."

ಪಟಾಕಿ ಠುಸ್ಸೆಂದಿತು. "ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಅಕ್ಕಾ."

ಮೇಡಂ ಹೋಗಿ ಅಕ್ಕ ಆದದ್ದು ಇನ್ನಷ್ಟು ಚುಚ್ಚಿತು.

ಮನೆಯಲ್ಲಿ ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಚಪ್ಪಲಿ ಬಿಡದೆಯೇ ಕೇಳಿದೆ. "ನಾನಿಲ್ಲದಾಗ ಅವರನ್ನ ನೋಡೋಕೆ ಹುಡುಗಿ ಬರ್ತಿದ್ದಳಾ?"

"ಯಾರು, ಆ ಪಟಪಟಿನಾ? ಅವನಿದ್ದಾಗ ಬರಲಿಲ್ಲ. ಈಗ ಬರ್ತಾಳೆ, ನನ್ನ ಹತ್ತಿರ."

"ಯಾಕೆ?"

"ಅವನು ಮಲಗಿದಲ್ಲೇ ಓದ್ತಿದ್ದದ್ದನ್ನ ಫೋನಲ್ಲಿ ಹಿಡಿದಿಟ್ಟಿದ್ದೆ. ಒಂದಕ್ಷರ ತಲೆಗೆ ಹತ್ತಲ್ಲ. ಅವಳು ಅರ್ಥ ಹೇಳ್ತಾಳೆ. ನಿನಗೆ ಹೇಳಬೇಡ ಅಂದಿದ್ದೆ."

"ನನ್ನನ್ನೇ ಕೇಳಬಹುದಿತ್ತಲ್ಲ?"

"ನಿನ್ನನ್ನಾ? ಅವನ ಹೆಸರೆತ್ತಿದರೆ ಎದ್ದು ಹೋಗ್ತೀಯ. ಮುಖ ನೋಡಿದರೆ ಶಟರ್ ಎಳೆದ ಅಂಗಡಿ."

ಫೋನು ಕೈಗಿತ್ತರು. ನಿಂತೇ ಕೇಳಿದೆ. ಮೊದಲ ಸಾಲು ಸರಾಗ. ಎರಡನೆಯದರ ನಡುವೆ ಸ್ವರ ಕಡಿದುಹೋಯಿತು. ಒಂದು ಉಸಿರು ಎಲ್ಲೋ ಸಿಕ್ಕಿಕೊಂಡು, ಎಳೆದುಕೊಂಡು ಬಂತು. ಪಕ್ಕದಲ್ಲಿ ಮಲಗದವರಿಗೆ ಅದು ಬಿಕ್ಕಿನ ಹಾಗೆಯೇ ಕೇಳುತ್ತದೆ.

"ಇದು ಅಳು ಅಲ್ಲ, ಅತ್ತೆ."

"ಹೆತ್ತವಳಿಗೆ ಗೊತ್ತಾಗಲ್ವೇನೇ? ಅದು ಬಿಕ್ಕು ಅಂತ ಅವಳು ಅಷ್ಟು ಖುಷಿಯಾಗಿ ಹೇಳ್ತಿದ್ದಳು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅದೇ ಫೋನಿನಿಂದ ಪಟಾಕಿಗೆ ಕರೆ ಮಾಡಿದೆ.

"ಆ ತಡೆಯನ್ನ ಪ್ರಬಂಧದಿಂದ ತೆಗಿ. ಅದು ಪದ್ಯದ್ದಲ್ಲ. ಅವರಿಗೆ ಉಸಿರು ಸಾಲುತ್ತಿರಲಿಲ್ಲ."



"ಹಾಗಾದರೆ ನನ್ನ ಹತ್ತಿರ ಏನೂ ಉಳಿಯಲ್ಲ, ಅಕ್ಕಾ."

"ಪದ್ಯ ಇದೆಯಲ್ಲ. ನಾಳೆ ಬಾ," ಎಂದೆ. "ನಾನು ಮನೆಯಲ್ಲಿರುವಾಗ ಬಾ."