ಕಳೆ ಎಂಬ ಒಂದೇ ಮಾತು

ಯಾವ ಗಿಡ ಎಲ್ಲಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುವುದೂ ಅಧಿಕಪ್ರಸಂಗವಾದೀತು, ತಪ್ಪಿದ್ದರೆ ಕ್ಷಮಿಸಬೇಕು ಎಂದು ಅವಳು ಯಾರಿಗೆ ಅಂತಿಲ್ಲದೆ, ಬಹುಶಃ ಕೈಯಲ್ಲಿದ್ದ ತುಂಬೆ ಗಿಡಕ್ಕೇ ಅಂದುಕೊಂಡಳು — ಅದರ ಬೇರಿನಿಂದ ಎರೆಹುಳವೊಂದು ಜೋತುಬಿದ್ದಿತ್ತು, ಸೂಜಿಯ ಕಣ್ಣು ಸಿಗದ ದಾರದ ತುದಿ ಹಾಗೆ ಅತ್ತಿತ್ತ ತಡಕಾಡುತ್ತ — ಹೊಲಿಗೆ ಅಂಗಡಿಯವಳು ಗಿಡದ ವಿಷಯಕ್ಕೆ ಬಾಯಿ ಹಾಕಬಾರದು, ಬಟ್ಟೆಯಾದರೆ ಗೊತ್ತು, ಪ್ಯಾಂಟಿನ ಕಾಲು ಎಷ್ಟು ಮಡಚಬೇಕು, ಪರದೆ ತೊಳೆದ ಮೇಲೆ ಎಷ್ಟು ಕುಗ್ಗುತ್ತದೆ, ಗುಂಡಿ ಹೊಲಿಯುವಾಗ ದಾರಕ್ಕೆ ಎಷ್ಟು ಸಡಿಲ ಬಿಡಬೇಕು, ಅಲ್ಲೂ ಕತ್ತರಿ ಹಾಕುವ ಮುಂಚೆ ಅಳೆದದ್ದನ್ನೇ ಅಳೆಯುವವಳು, ನಿನಗಿಂತ ಮುಂಚೆ ನಿನ್ನ ಟೇಪು ಸವೀತದೆ ಕಣೇ ಎಂದು ಅತ್ತೆ ನಗುತ್ತಿದ್ದರು, ಅತ್ತೆಗೆ ಮಾತಿದ್ದಾಗ, ಈಗ ಹಿತ್ತಲಿನ ಬೋಳು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಗುಳಿ ತೋಡುತ್ತಿರುವ ಇವಳ ಬೆನ್ನ ಹಿಂದೆ ಅತ್ತೆಯ ಕಿಟಕಿ ಇದೆ, ತೆರೆದೇ ಇದೆ, ಸೊಳ್ಳೆ ಜಾಲರಿಯ ಆಚೆ, ಕಿಟಕಿಗೆ ತಾಗಿದ ಮಂಚದಲ್ಲಿ, ಅತ್ತೆ ಎದುರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ, ಮೊನ್ನೆಯಿಂದ ಹಾಗೇ ಮಲಗಿದ್ದಾರೆ, ತಿರುಗಿ ನೋಡಲಿಲ್ಲ, ಇದ್ದ ಆ ಒಂದು ಮಾತನ್ನೂ ಆಡಲಿಲ್ಲ — ಎರೆಹುಳವನ್ನು ಮೆಲ್ಲಗೆ ಗುಳಿಗೆ ಇಳಿಸಿದಳು, ಹೋಗು ಮಾರಾಯ, ನಿನಗಾದರೂ ದಾರಿ ಗೊತ್ತಿರಲಿ.

ಒಂದೇ ಮಾತು, ಕಳೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಮಾತನ್ನು ಈ ಕಿವಿಯಿಂದ ಆ ತಂತಿಗೆ ದಾಟಿಸಿದ ಹೆಂಗಸು, ಕೆಲಸ ಬಿಟ್ಟ ಮೇಲೂ ಬಾಯಿಗೆ ಬೀಗ ಹಾಕದವರು, ಹಾಲಿನವನ ಹೆಂಡತಿಗೆ ಕೆಮ್ಮು ವಾಸಿಯಾಯಿತೇ ಎಂಬುದರಿಂದ ಹಿಡಿದು ಸೊಸೆಯಂದಿರ ಮುಖ ಯಾಕೆ ಊದಿದೆ ಎಂಬುದರವರೆಗೆ ಎಲ್ಲಕ್ಕೂ ಮಾತು, ಆಮೇಲೆ ಒಂದು ಬೆಳಿಗ್ಗೆ ಬಲಗೈಯಿಂದ ಲೋಟ ಜಾರಿತು, ಬಲಗಾಲು ಮಡಚಿತು, ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಲ್ಲಿ ಉಳಿದದ್ದು ಇದೊಂದು. ನೀರು ಬೇಕಾ ಅತ್ತೆ? ಕಳೆ. ನೋವಿದೆಯಾ? ಕಳೆ. ನಾನು ಯಾರು ಹೇಳಿ? ಕಳೆ — ಆಗ ಮಾತ್ರ ಅವರಿಗೇ ನಗು ಬಂತು, ವಾರೆಯಾದ ಬಾಯಲ್ಲೇ ನಕ್ಕರು, ಇವಳೂ ನಕ್ಕಳು, ನಗುತ್ತ ಕಣ್ಣು ಒರೆಸಿಕೊಂಡಳು. ಮಾತು ಕಲಿಸುವ ಡಾಕ್ಟರಮ್ಮ ಹೇಳಿದ್ದರು, ಕೆಲವರಿಗೆ ಹೀಗೆ ಒಂದೇ ಶಬ್ದ ಸಿಕ್ಕಿಕೊಂಡಿರ್ತದೆ ಕಣ್ರೀ, ಅದಕ್ಕೆ ಅರ್ಥ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ನೀವು ಮುಖ ನೋಡಿ, ಶಬ್ದ ನೋಡ್ಬೇಡಿ. ಮುಖ ನೋಡಿದರೆ ಮುಖ ಯಾವಾಗಲೂ ಕಿಟಕಿಯ ಕಡೆಗೆ, ಹಿತ್ತಲಿನ ಕಡೆಗೆ, ಆಸ್ಪತ್ರೆಯ ಓಡಾಟದಲ್ಲಿ ಯಾರೂ ಕೈ ಹಾಕದೆ ಸೊಂಟದೆತ್ತರ ಬೆಳೆದ ಹುಲ್ಲಿನ ಕಡೆಗೆ, ಅದನ್ನು ನೋಡುತ್ತ, ಕಳೆ, ಕಳೆ. ಇನ್ನೇನು ಬೇಕು, ಕಳೆ ಕೀಳಿ ಅಂತಲೇ ಹೇಳ್ತಿದ್ದಾರೆ ಅತ್ತೆ ಅಂದಳು ಓರಗಿತ್ತಿ, ಒಂದು ಕಾಲಕ್ಕೆ ಒಂದು ಎಸಳು ಹುಲ್ಲು ಬಿಡ್ತಿರಲಿಲ್ಲ ಅವರು, ಕಳೆ ಬೆಳೆದ ಹಿತ್ತಲು ಬಾಚದ ತಲೆ ಇದ್ದ ಹಾಗೆ ಅಂತ ನನ್ನ ಕೈಯಲ್ಲೇ ಕೀಳಿಸಿದಾರೆ, ಈಗ ಬಾಚದ ತಲೆ ನೋಡ್ಕೊಂಡು ಮಲಗು ಅಂದ್ರೆ ಹೆಂಗೆ? ನಿಜ, ಅದು ನಿಜವೇ, ಅತ್ತೆ ಹಾಗೆ ಅಂದದ್ದನ್ನು ಇವಳೂ ಕೇಳಿದ್ದಾಳೆ. ಆದರೆ ಇನ್ನೊಂದನ್ನೂ ಕೇಳಿದ್ದಾಳಲ್ಲ — ಮದುವೆಯಾದ ಹೊಸತರಲ್ಲಿ, ಮುಸ್ಸಂಜೆ, ಅಡುಗೆಮನೆ ದೀಪ ಆರಿಸಿ ಅತ್ತೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು, ಬಾರೇ ಇಲ್ಲಿ, ಸದ್ದು ಮಾಡ್ಬೇಡ, ಪಾತ್ರೆ ಆಮೇಲೆ ಉಜ್ಜು, ನಲ್ಲಿಯ ಹತ್ತಿರದ ಹುಲ್ಲಿನಲ್ಲಿ ಮಿಂಚುಹುಳ, ಒಂದು ಹತ್ತಿ ಆರಿ ಇನ್ನೊಂದು ಹತ್ತಿ, ನೋಡು, ಈಗ ನೋಡು ಹಿತ್ತಲಿಗೆ ಕಳೆ ಬಂತು ಅಂದಿದ್ದರು. ಕಳೆ ಬಂತು ಅಂದರೋ, ಬೆಳಕು ಬಂತು ಅಂದರೋ? ಈಗ ಯೋಚಿಸಿದರೆ ಸಂಶಯ, ಬೇಕಾದ ಮಾತನ್ನು ತಾನೇ ಅಲ್ಲಿ ಹೊಲಿದು ಸೇರಿಸಿದಳೋ ಏನೋ, ಹಳೇ ಅಂಗಿಗೆ ಹೊಸ ಜೇಬು ಇಟ್ಟು ಮೊದಲಿಂದಲೂ ಇತ್ತು ಅನ್ನುವವರ ಹಾಗೆ. ಹುಲ್ಲೂ ಕಳೆ, ಮುಖದ ಕಾಂತಿಯೂ ಕಳೆ, ಲೆಕ್ಕದ ಮೇಷ್ಟ್ರು ಹತ್ತರಲ್ಲಿ ಎರಡು ಕಳೆ ಅಂದರೆ ಅದೂ ಕಳೆ, ಯಾವ ಪುಣ್ಯಾತ್ಮ ಒಂದೇ ಬಟ್ಟೆಯಲ್ಲಿ ಇಷ್ಟು ಅಂಗಿ ಕತ್ತರಿಸಿಟ್ಟನೋ.

ಮೊನ್ನೆ ಅಂಗಡಿಯಲ್ಲಿ ಕಿಟಕಿ ಪರದೆಗಳ ರಾಶಿ, ಹೊರಡುವುದು ತಡವಾಯಿತು, ಮನೆಗೆ ಬಂದರೆ ಹಿತ್ತಲು ಅರ್ಧ ಬೋಳು. ಓರಗಿತ್ತಿ ಸೊಂಟಕ್ಕೆ ಟವೆಲ್ ಬಿಗಿದು, ಕೆಂಪಾದ ಅಂಗೈ ತೋರಿಸುತ್ತ ನಿಂತಿದ್ದಳು, ಖುಷಿಯಿಂದಲೇ, ಪಾಪ ಖುಷಿಯಿಂದಲೇ, ನೋಡೇ, ನಾನು ಒಂದು ಬುಡ ಕಿತ್ತರೆ ಒಳಗಿಂದ ಅತ್ತೆ ಕಳೆ ಅಂದ್ರು, ಇನ್ನೊಂದು ಕಿತ್ತೆ, ಇನ್ನೂ ಜೋರಾಗಿ ಕಳೆ, ಕಳೆ ಅಂದ್ರು, ಇಷ್ಟು ದಿನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ ಕಣೇ, ನನಗೂ ಹುರುಪು ಬಂತು, ಕಿತ್ತೇ ಕಿತ್ತೆ, ಬೆನ್ನು ಬಿದ್ದುಹೋಯ್ತು, ಆಮೇಲೆ ಕೂಗು ನಿಂತಿತು, ಸಮಾಧಾನ ಆಯ್ತೇನೋ ಅಂತ ನಾನೂ ನಿಲ್ಲಿಸಿದೆ. ಇವಳು ಒಳಗೆ ಹೋಗಿ ನೋಡಿದರೆ ಅತ್ತೆಯ ದಿಂಬು ಒದ್ದೆ, ಮುಖ ಗೋಡೆಗೆ. ಬೇಡ, ಬೇಡ ಎಂದು ಕೂಗಲು ಹೋಗಿ ಇದ್ದೊಂದು ಮಾತನ್ನೇ ಕೂಗಿದರೇ, ಬಿಡು ಅನ್ನಲು ಹೋದಷ್ಟೂ ಕೀಳು ಎಂದು ಕೇಳಿಸಿತೇ — ಅಥವಾ ಅದು ನಿಜಕ್ಕೂ ಹುರುಪೇ ಆಗಿದ್ದು ಕಣ್ಣೀರು ದಣಿವಿನದೇ? ಇವಳು ದಿಂಬಿನ ಕವರು ಬದಲಿಸಿದಳು, ಓರಗಿತ್ತಿ ಹಿಂದಿನಿಂದ ಬಂದು ನೋಡಿ ಬಾಗಿಲಲ್ಲೇ ನಿಂತಳು, ಅವಳ ಕೆಂಪು ಅಂಗೈ ಬಾಗಿಲಿನ ಚೌಕಟ್ಟನ್ನು ಹಿಡಿದಿತ್ತು. ನಾನೇನು ಬೇಕಂತ ಮಾಡಿದ್ನಾ, ಹೇಳು, ಬೇಕಂತ ಮಾಡಿದ್ನಾ? ರಾತ್ರಿ ಊಟಕ್ಕೆ ಕೂತಾಗ ಅವಳೇ ಅಂದಳು, ಹಂಗಾದ್ರೆ ಚೆಂದದ್ದು ಏನಾದ್ರೂ ನೆಡೋಣ, ಅತ್ತೆ ತಿರುಗಿ ನೋಡೋ ಹಂಗೆ, ನೀನು ಸಂಜೆ ಕ್ಲಾಸಿಗೆ ಹೋಗಿ ಗಿಡದ ಪಾಠ ಕೇಳಿದೀಯಲ್ಲ, ನೀನೇ ಆರಿಸು. ಅಂದರೆ ಅತ್ತೆ ತಿರುಗುವುದೂ ತಿರುಗದಿರುವುದೂ ಇನ್ನು ಇವಳು ಆರಿಸುವ ಗಿಡದ ಮೇಲೆ.

ಸಂಜೆ ಕ್ಲಾಸು ಅಂದರೆ ಅದೇನು ದೊಡ್ಡದು, ಗ್ರಂಥಾಲಯದ ಹಿಂದಿನ ಕೋಣೆ, ಮಡಚುವ ಕುರ್ಚಿ, ಅರ್ಧ ಜನ ಫ್ಯಾನಿನ ಕೆಳಗೆ ಕೂರಲು ಬಂದವರು, ಗಿಡದ ಮೇಷ್ಟ್ರು ತಮ್ಮ ಜೋಕಿಗೆ ತಾವೇ ನಗುವವರು, ಹುಳ ಬೇಡ ಅನ್ನೋರಿಗೆ ಹಕ್ಕಿ ಹಾಡು ಕೇಳೋ ಹಕ್ಕಿಲ್ಲ ಅಂದು ತಾವೊಬ್ಬರೇ ನಕ್ಕಿದ್ದರು. ಆದರೆ ಮರೆಯಲಾಗಲಿಲ್ಲ, ಮರಿಹಕ್ಕಿಗೆ ತಾಯಿ ತಿನ್ನಿಸುವುದು ಕಂಬಳಿಹುಳ, ಹುಳ ತಿನ್ನುವುದು ತನ್ನ ಅಜ್ಜ ಮುತ್ತಜ್ಜ ತಿಂದ ಎಲೆ, ದೂರದಿಂದ ಹಡಗಿನಲ್ಲಿ ಬಂದ ಗಿಡದ ಎಲೆಯನ್ನು ಅದು ಮೂಸಿಯೂ ನೋಡದು, ಮಿಂಚುಹುಳದ ಮರಿ ಕೊಳೆತ ಎಲೆಯ ಅಡಿ ತೇವದಲ್ಲಿ ಬಸವನಹುಳ ತಿಂದುಕೊಂಡು ತಿಂಗಳುಗಟ್ಟಲೆ ನೆಲದಲ್ಲೇ ಇರುತ್ತದೆ, ನೀವು ಗುಡಿಸಿ ಸುಟ್ಟರೆ ಬರುವ ವರ್ಷದ ದೀಪ ಸುಟ್ಟಿರಿ. ಇವಳು ಇಡೀ ಕ್ಲಾಸಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಅದೂ ಕಿವಿ ಬಿಸಿಯಾಗಿ, ಸಣ್ಣ ಜಾಗಕ್ಕೂ ಆಗುತ್ತಾ ಸರ್? ಟೈಲರಮ್ಮಾ, ಗುಂಡಿ ಸಣ್ಣದೇ, ಅಂಗಿ ಹಿಡಿದಿಡೋದು ಅದೇ ಅಲ್ವಾ ಅಂದರು ಮೇಷ್ಟ್ರು. ಈವತ್ತು ಮಧ್ಯಾಹ್ನ ಅಂಗಡಿಗೆ ಬೇಗ ಬಾಗಿಲು ಹಾಕಿ ನರ್ಸರಿಗೆ ಹೋದಾಗ ಆ ಗುಂಡಿಯನ್ನೇ ಮುಷ್ಟಿಯಲ್ಲಿ ಹಿಡಿದ ಹಾಗೆ ಹೋದಳು. ನರ್ಸರಿಯವನು ಸಾಲಿಗೆ ಸಾಲು ತೋರಿಸಿದ, ಪದರ ಪದರ ದಳದ ಗುಲಾಬಿ ಬಣ್ಣದ್ದು, ಓರಗಿತ್ತಿ ಹೇಳಿಕಳಿಸಿದ್ದು ಅದನ್ನೇ, ಕೈಯಲ್ಲಿ ಹಿಡಿದಳು ಕೂಡ, ಎಷ್ಟು ಚೆಂದ, ಎಷ್ಟು ಭಾರ, ಒಂದು ಜೇನುಹುಳ ಬಂದು ದಳದ ಮೇಲೆ ಸುತ್ತಿತು, ಸುತ್ತಿತು, ಬಾಗಿಲು ಸಿಗದೆ ಹೋಯಿತು. ತುಂಬೆ ಇದೆಯಾ? ಅವನು ಕಿವಿ ಮುಂದೆ ಮಾಡಿದ, ಏನಿದೆಯಾ? ತುಂಬೆ, ಮತ್ತೆ ಗಣಿಕೆ, ಆಡುಸೋಗೆ, ಎಕ್ಕ. ಅವನು ಸಹಾಯಕಿಯನ್ನು ಕರೆದು ಹೇಳಿದ, ಕೇಳಿಸ್ಕೋ, ನಾವು ದಿನಾ ಕಿತ್ತು ಬಿಸಾಕೋದನ್ನ ಕೇಳ್ಕೊಂಡು ಗಿರಾಕಿ ಬಂದಿದಾರೆ, ನಮ್ಮ ಕಾಲ ಶುರುವಾಯ್ತು. ಇವಳು ನೆಲ ನೋಡಿದಳು, ಹೋಗಿಬಿಡಲೇ ಅನ್ನಿಸಿತು, ಆದರೆ ಅವನೇ ಕುಂಡಗಳ ಸಂದಿ ತೋರಿಸಿ, ಅಮ್ಮಾ, ಅಲ್ಲಿ ಬೇಕಾದಷ್ಟು ಹುಟ್ಟಿದೆ, ಕಿತ್ಕೊಂಡು ಹೋಗಿ, ನನಗೂ ಸೊಂಟ ಉಳೀತದೆ ಅಂದ. ಹಾಗೆ ಇನ್ನೊಬ್ಬರ ನರ್ಸರಿಯಲ್ಲಿ ಕಳೆ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು, ಪಕ್ಕದ ಸೀಟಿನಾಕೆ ಸೊಪ್ಪಾ, ಎಲ್ಲಿ ಸಿಗ್ತು ಅಂದರೆ ಹೌದು ಅಂದುಬಿಟ್ಟಳು, ವಿವರಿಸುವ ಧೈರ್ಯ ಯಾರಿಗಿದೆ.

ಈಗ ತುಂಬೆ ಮುಂದೆ, ಅದರ ಬಿಳಿ ತುಟಿಗೆ ಜೇನುಹುಳ ತಲೆ ಹಾಕಿದರೆ ಬೆನ್ನಿಗೆ ಪುಡಿ ಅಂಟಿಸಿ ಕಳಿಸುತ್ತದೆ, ಸೀಮೆಸುಣ್ಣದ ಗುರುತು ಹಾಕಿದ ಬಟ್ಟೆಯ ಹಾಗೆ, ಗಣಿಕೆ ಅಲ್ಲಿ, ಕಪ್ಪು ಹಣ್ಣಿಗೆ ಪಿಕಳಾರ ಹಕ್ಕಿ ಬರಲಿ, ಎಕ್ಕ ಗೋಡೆಯ ಮೂಲೆಗೆ, ಹಾಲು ಕಣ್ಣಿಗೆ ತಾಗಬಾರದು, ಚಿಟ್ಟೆ ಮೊಟ್ಟೆ ಇಟ್ಟರೆ ಇಡಲಿ, ಆಡುಸೋಗೆ ಕಿಟಕಿಯ ಕೆಳಗೆ, ಇಲ್ಲ, ಕಿಟಕಿ ಮುಚ್ಚಿಬಿಟ್ಟರೆ, ಸ್ವಲ್ಪ ಈಚೆ, ಇನ್ನೂ ಈಚೆ, ಮತ್ತೆ ಎದ್ದು ದೂರ ನಿಂತು ನೋಡಿದಳು, ಮಲಗಿದವರ ಕಣ್ಣಿನ ಎತ್ತರ ಎಷ್ಟು, ಬಗ್ಗಿ ನೋಡಿದಳು. ಗಂಡ ಬಂದು ಹಿಂಬಾಗಿಲಲ್ಲಿ ಇಣುಕಿ, ಅತ್ತಿಗೆ ಕಿತ್ತಿದ್ದನ್ನೇ ನೀನು ವಾಪಸ್ ನೆಡ್ತಿದೀಯಾ, ನಿಮ್ಮಿಬ್ಬರಿಗೂ ಸಂಬಳ ಕೊಡೋರು ಯಾರು ಅಂದು ಹೋದ. ನೆಟ್ಟರೆ ನಾಳೆಯೇ ಹೂವಾಗುವುದಿಲ್ಲ, ಹೂವಾದರೂ ಹಕ್ಕಿ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ, ಕಿತ್ತ ಅರ್ಧದ ನೆಲದಡಿ ಮಿಂಚುಹುಳದ ಮರಿ ಉಳಿದಿವೆಯೋ ಒಣಗಿದವೋ, ಅಷ್ಟರವರೆಗೆ ಅತ್ತೆ — ಆ ಲೆಕ್ಕ ಬೇಡ. ಗುಡಿಸಿ ರಾಶಿ ಹಾಕಿದ್ದ ಎಲೆಯನ್ನು ಬೊಗಸೆಯಲ್ಲಿ ತಂದು ಮತ್ತೆ ನೆಲಕ್ಕೆ ಹೊದಿಸತೊಡಗಿದಳು, ಪಕ್ಕದಲ್ಲಿ ಇನ್ನೊಂದು ಬೊಗಸೆ ಬಂದು ಸುರಿಯಿತು, ಓರಗಿತ್ತಿ, ಎಷ್ಟು ಹೊತ್ತಿಗೆ ಬಂದಳೋ. ಇಷ್ಟೇನಾ ನೀನು ಆರಿಸಿದ್ದು? ಹೂವೇ ಕಾಣ್ಸಲ್ವಲ್ಲೇ. ಇದೆ ಅಕ್ಕ, ಬಿಳೀದು, ಸಣ್ಣದು. ಭೂತಗನ್ನಡಿ ತರ್ಬೇಕಾ? ತರಬಹುದು ಅಕ್ಕ. ಓರಗಿತ್ತಿ ನಕ್ಕಳು, ಮೊನ್ನೆಯಿಂದ ಮೊದಲ ಸಲ, ಆಮೇಲೆ ದನಿ ತಗ್ಗಿಸಿ, ನನ್ನ ಮೇಲೆ ಕೋಪ ಅಂತೀಯಾ ಅತ್ತೆಗೆ? ಇವಳಿಗೆ ಇಲ್ಲ ಅನ್ನಬೇಕೆನಿಸಿತು, ಹೌದು ಅನ್ನಬೇಕೆನಿಸಿತು, ಎರಡೂ ಗೊತ್ತಿಲ್ಲದ ಮಾತು, ಎಲೆ ಹೊದಿಸಿದಳು. ಕತ್ತಲು ಇಳಿಯುತ್ತಿತ್ತು, ಅಂಚು ಹೊಲಿಯದ ಬಟ್ಟೆಯ ಹಾಗೆ ಎಲ್ಲದರ ತುದಿಯೂ ಬಿಚ್ಚಿಕೊಳ್ಳುತ್ತಿತ್ತು, ಓರಗಿತ್ತಿ ಎದ್ದು ಅಭ್ಯಾಸದಂತೆ ಹಿಂಬಾಗಿಲಿನ ದೀಪ ಹಾಕಿದಳು, ಬೋಳು ನೆಲ ಬಿಳಿಚಿ ಬೆಳಗಿತು. ಅಕ್ಕ, ಅದನ್ನ ಆರಿಸ್ತೀರಾ? ಏನು? ದೀಪ, ಆ ದೀಪ ಇದ್ದರೆ ಮಿಂಚುಹುಳಕ್ಕೆ ಒಂದರದ್ದೊಂದು ಬೆಳಕು ಕಾಣ್ಸಲ್ಲ ಅಕ್ಕ. ಕತ್ತಲಲ್ಲಿ ಹಾವು ತುಳೀಬೇಕಾ ನಾನು, ನನಗೇನಾದ್ರೂ ಆದ್ರೆ ನಿಮ್ಮ ಭಾವನಿಗೆ ನೀನೇ ಉತ್ತರ ಹೇಳು ಅಂದಳು, ಅಂದು ಆರಿಸಿದಳು.

ಮೊದಲು ಏನೂ ಇಲ್ಲ, ಪಕ್ಕದಲ್ಲಿ ಓರಗಿತ್ತಿಯ ಉಸಿರು, ನಲ್ಲಿಯ ತೊಟ್ಟು, ಒದ್ದೆ ಎಲೆಯ ವಾಸನೆ, ಆಮೇಲೆ ಕೀಳದೆ ಉಳಿದ ಅರ್ಧದಲ್ಲಿ, ಹುಲ್ಲಿನ ಸೊಂಟದ ಹತ್ತಿರ, ಒಂದು, ಹತ್ತಿತು, ಆರಿತು, ಅಗೋ ಅಂದಳು ಓರಗಿತ್ತಿ, ಎಲ್ಲಿ, ಹೋಯ್ತು, ಅಗೋ ಅಲ್ಲಿ, ಅದು ಗಾಳಿಯಲ್ಲಿ ಸಡಿಲ ಹೊಲಿಗೆ ಹಾಕುತ್ತ ಬಂತು, ಒಂದು ಹೊಲಿಗೆ ಇಲ್ಲಿ, ಮುಂದಿನದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಅಲ್ಲಿ, ಬೋಳು ನೆಲದ ಮೇಲೆ ನಿಲ್ಲದೆ ಹಾಯ್ದು, ಕಿಟಕಿಯ ಜಾಲರಿಗೆ ಬಂದು ಕೂತಿತು. ಹತ್ತಿತು, ಜಾಲರಿಯ ಒಳಬದಿಯಲ್ಲಿ ಒಂದು ಬೆರಳು, ಬೆರಳಿನ ತುದಿಯಲ್ಲಿ ಒಂದು ಉಗುರು, ಹಸಿರು. ಆರಿತು. ನೀನು ಹೊರಳಿಸಿದ್ಯಾ ಅತ್ತೇನ? ಇಲ್ಲ ಅಕ್ಕ, ನೀವು? ನಾನೆಲ್ಲಿ, ನಾನು ಇಲ್ಲೇ ಇದ್ನಲ್ಲೇ. ಹತ್ತಿತು, ಎಡಗೈಯ ಬೆರಳು, ತುಸು ಮಡಚಿದೆ, ಉಗುರು, ಹಸಿರು. ಆರಿತು. ಮುಖ ನೋಡಿ ಎಂದಿದ್ದರು ಡಾಕ್ಟರಮ್ಮ, ಮುಖ ಕತ್ತಲಲ್ಲಿದೆ, ದೀಪ ಹಾಕಿದರೆ ಕಂಡೀತು, ಹಾಕಿದರೆ ಇದು ಹೋದೀತು, ಓರಗಿತ್ತಿ ಇವಳ ಮಣ್ಣಿನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಾಳೆ, ಒಳಗಿನಿಂದ ಮಾತಿಲ್ಲ, ಆ ಒಂದೂ ಇಲ್ಲ. ಹತ್ತಿತು, ಉಗುರು, ಹಸಿರು. ಮಡಚಿದ ಬೆರಳು ಅದನ್ನು ಬಾ ಎನ್ನುತ್ತಿದೆಯೋ, ತಟ್ಟಿ ಹೋಗು ಎನ್ನುತ್ತಿದೆಯೋ. ಆರಿತು. ಹತ್ತಿತು, ಉಗುರು. ಇವಳಿಗೆ ಗೊತ್ತಾಗಲಿಲ್ಲ.